ನಲವತ್ತರ ಮೇಲಿನ ಗುಂಟೆ

1998ನೇ ಇಸವಿ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಆಫೀಸು. ಆಫೀಸು ಅಂದರೆ ಎರಡು ಕಂಪ್ಯೂಟರು, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಮತ್ತು ನಾನು, ಅಷ್ಟೆ. ಸುತ್ತಮುತ್ತಲ ಶಾಲೆ, ಆಸ್ಪತ್ರೆ, ಸಂಘಗಳಿಗೆ ಫಾಕ್ಸ್‌ಪ್ರೊ ಎಂಬ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಡುವುದು ನನ್ನ ಕಸುಬು. ಆಗ ಈ ಕಡೆ ಆ ಕೆಲಸ ಮಾಡುವ ಹೆಂಗಸು ನಾನೊಬ್ಬಳೇ ಆದ್ದರಿಂದ ನನಗೆ ಸ್ವಲ್ಪ ಕೊಂಬೂ ಬಂದಿತ್ತು. ಆ ಕೊಂಬು ಮುರಿದ ಕಥೆ ಇದು. ಆದರೂ ನನ್ನ ಮೂವತ್ತು ವರ್ಷದ ಕೆಲಸದಲ್ಲಿ ನಾನು ಗೆದ್ದೆ ಅಂತ ಎದೆ ತಟ್ಟಿ ಹೇಳಿಕೊಳ್ಳುವ ಪ್ರಸಂಗವೂ ಇದೇ.

ನನ್ನ ದೊಡ್ಡ ಗಿರಾಕಿ ಒಂದು ಆಲೂಗಡ್ಡೆ ಬೆಳೆಗಾರರ ಸಂಘ. ಅರಸೀಕೆರೆ, ಬೇಲೂರು, ಹಳೇಬೀಡು ಮೂರು ಕಡೆಯೂ ಅದರ ಶಾಖೆಗಳಿದ್ದವು. ಮೇ ತಿಂಗಳಲ್ಲಿ ಎರಡು ಹದ ಮಳೆ ಬೀಳುತ್ತಿದ್ದಂತೆ ಉತ್ತರದ ಕಡೆಯಿಂದ ಬಿತ್ತನೆ ಗಡ್ಡೆಯ ಲಾರಿಗಳು ಬರುತ್ತಿದ್ದವು. ಯಾರಿಗೆ ಎಷ್ಟು ಎಕರೆಯೋ ಅದಕ್ಕೆ ತಕ್ಕಂತೆ, ಎಕರೆಗೆ ಹತ್ತು ಮೂಟೆಯ ಲೆಕ್ಕದಲ್ಲಿ ಸಂಘ ಬಿತ್ತನೆ ಹಂಚುತ್ತಿತ್ತು. ಸದಸ್ಯರ ಪಟ್ಟಿ, ಜಮೀನಿನ ವಿಸ್ತೀರ್ಣ, ಬಿತ್ತನೆ ಚೀಟಿ, ಎಲ್ಲವೂ ನಾನು ಬರೆದ ಪ್ರೋಗ್ರಾಮಿನಲ್ಲೇ ತಯಾರಾಗುತ್ತಿದ್ದವು.

ಮೂರೂ ಶಾಖೆಗಳ ಪ್ರೋಗ್ರಾಂಗಳು ಬೇರೆಬೇರೆ. ಆದರೆ ಅವೆಲ್ಲಕ್ಕೂ ಬೇಕಾಗುವ ಸಣ್ಣಪುಟ್ಟ ಕೆಲಸಗಳನ್ನು, ಅಂದರೆ ದಿನಾಂಕ ತಿದ್ದುವುದು, ಹೆಸರು ಹುಡುಕುವುದು, ಎಕರೆ-ಗುಂಟೆ ಕೂಡುವುದು ಇಂಥವನ್ನು ಒಂದೇ ಕಡೆ ಬರೆದಿಟ್ಟಿದ್ದೆ. ಇದಕ್ಕೆ ನಮ್ಮ ವೃತ್ತಿಯಲ್ಲಿ ಲೈಬ್ರರಿ ಅನ್ನುತ್ತಾರೆ. ವಠಾರದಲ್ಲಿ ಎಲ್ಲ ಮನೆಗೂ ಸೇರಿ ಒಂದೇ ಒರಳುಕಲ್ಲು ಇರುತ್ತದಲ್ಲ, ಹಾಗೆ. ಕಲ್ಲು ಬದಲಾಯಿಸಿದರೆ ಎಲ್ಲರ ಮನೆಯ ಹಿಟ್ಟೂ ಬದಲಾಗುತ್ತದೆ. ಲೈಬ್ರರಿಯನ್ನು ಬದಲಾಯಿಸಿದ ಮೇಲೂ ಹಳೆಯ ಪ್ರೋಗ್ರಾಂಗಳು ಮೊದಲಿನ ಹಾಗೇ ನಡೆಯಬೇಕು ಅನ್ನುವುದಕ್ಕೆ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಎಂದು ಹೆಸರು. ಆ ಹೆಸರು ನನಗೆ ಬಾಯಿಪಾಠವಾಗಿತ್ತು. ಅರ್ಥವಾಗಿರಲಿಲ್ಲ.

ಆ ವರ್ಷ ಏಪ್ರಿಲ್‌ನಲ್ಲಿ ಬೇಲೂರು ಶಾಖೆಯ ಕಾರ್ಯದರ್ಶಿ ಚಂದ್ರಶೇಖರ್ ಅವರಿಂದ ದೂರು ಬಂತು. ಮೂರೂ ಶಾಖೆಗೆ ಲಾರಿಗಳನ್ನು ಹಂಚುವ ಜವಾಬ್ದಾರಿ ಅವರದು. ಪಟ್ಟಿಯ ಕೊನೆಗೆ ಬರುವ ಒಟ್ಟು ವಿಸ್ತೀರ್ಣ ತಪ್ಪಾಗಿರುವುದರಿಂದ ಪ್ರತಿ ವರ್ಷ ಒಂದು ಕಡೆ ಬಿತ್ತನೆ ಉಳಿದು ಇನ್ನೊಂದು ಕಡೆ ಸಾಲದೆ ಬರುತ್ತಿದೆ ಎಂದರು. ನೋಡಿದೆ. ಅವರ ಮಾತು ನೂರಕ್ಕೆ ನೂರು ನಿಜ. ಒಂದು ಎಕರೆ ಮೂವತ್ತು ಗುಂಟೆಯನ್ನು ನಾವು 1.30 ಎಂದು ಬರೆಯುತ್ತಿದ್ದೆವು. ಅಂಥ ಎರಡನ್ನು ಕೂಡಿದರೆ 3.20 ಬರಬೇಕು, ಏಕೆಂದರೆ ನಲವತ್ತು ಗುಂಟೆಗೆ ಒಂದು ಎಕರೆ. ನನ್ನ ಲೈಬ್ರರಿ 2.60 ಎಂದು ತೋರಿಸುತ್ತಿತ್ತು. ಐದು ವರ್ಷದ ಹಿಂದೆ ಬರೆದವಳು ನಾನೇ. ನಾಚಿಕೆಯಾಯಿತು.

ಕೂತು ಆ ಭಾಗವನ್ನು ಪೂರ್ತಿ ಹೊಸದಾಗಿ ಬರೆದೆ. ಇನ್ನು ಮೇಲೆ ಯಾವ ವಿಸ್ತೀರ್ಣ ಒಳಗೆ ಬಂದರೂ ಲೈಬ್ರರಿ ಅದನ್ನು ಶುದ್ಧ ಮಾಡುತ್ತದೆ: ಗುಂಟೆ ನಲವತ್ತು ದಾಟಿದ್ದರೆ ಎಕರೆಗೆ ಏರಿಸಿ, ತಿದ್ದಿದ ಅಂಕಿಯನ್ನೇ ಫೈಲಿನಲ್ಲಿ ಉಳಿಸುತ್ತದೆ. ಖಾಲಿ ಬಿಟ್ಟ ಸಾಲುಗಳಿದ್ದರೆ ತೆಗೆದುಹಾಕುತ್ತದೆ. ಅರಸೀಕೆರೆ, ಬೇಲೂರು ಎರಡರ ದತ್ತಾಂಶ ಹಾಕಿ ಪರೀಕ್ಷೆ ಮಾಡಿದೆ. ಗುಂಟೆ ಗುಂಟೆಗೂ ತಾಳೆಯಾಯಿತು. ಹಳೇಬೀಡಿನದು ಸಣ್ಣ ಶಾಖೆ, ಇನ್ನೂರ ಹತ್ತು ಸದಸ್ಯರು. ಅಲ್ಲೇನು ಬೇರೆ ಇದ್ದೀತು ಎಂದು ಬಿಟ್ಟೆ. ಮೇ ತಿಂಗಳ ಒಂದು ಬುಧವಾರ ಬೆಳಿಗ್ಗೆ ಮೂರು ಫ್ಲಾಪಿಗಳಲ್ಲಿ ತುಂಬಿ, ಅರಸೀಕೆರೆಯದನ್ನು ಕೈಯಾರೆ ಕೊಟ್ಟು, ಉಳಿದೆರಡನ್ನು ಎಂದಿನಂತೆ ಬಸ್ ಕಂಡಕ್ಟರರ ಕೈಗೆ ಕೊಟ್ಟು ಕಳಿಸಿದೆ. ಸಂಜೆಯೊಳಗೆ ಚಂದ್ರಶೇಖರ್ ಫೋನ್ ಮಾಡಿ, "ಮೇಡಂ, ಟೋಟಲ್ಲು ಕರೆಕ್ಟಾಗಿದೆ. ಐದು ವರ್ಷದಲ್ಲಿ ಇದೇ ಮೊದಲು" ಎಂದು ಹೊಗಳಿದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಹಳೇಬೀಡಿನ ಗುಮಾಸ್ತ ಮಲ್ಲೇಶಪ್ಪನವರ ಫೋನು ಬಂತು. ಐವತ್ತು ದಾಟಿದ ಮನುಷ್ಯ. ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದರೂ ಒಂದು ಅಕ್ಷರ ತಪ್ಪುತ್ತಿರಲಿಲ್ಲ.

"ಮೇಡಂ, ನೀವು ಕಳ್ಸಿದ್ ಫ್ಲಾಪಿ ನೆನ್ನೆನೇ ಹಾಕ್ದೆ. ಪಟ್ಟಿ ತೆಗ್ದು ಬಾಗ್ಲಿಗೂ ಅಂಟಿಸ್ದೆ. ಈಗ ನೋಡಿದ್ರೆ ನನ್ನ ಎಪ್ಪತ್ತು, ಎಂಬತ್ತು ಒಂದೂ ಇಲ್ಲ ಕಣ್ರೀ. ಎಲ್ಲಾ ಎತ್ಲಾಗೋ ಹೋಗ್ಬಿಟ್ಟವೆ."

"ಯಾವ ಎಪ್ಪತ್ತು?"

"ಗುಂಟೆ ಎಪ್ಪತ್ತು."

ನನಗೆ ಮೈ ಉರಿದುಹೋಯಿತು. "ಗುಂಟೆ ಎಪ್ಪತ್ತು ಎಲ್ಲಾದ್ರೂ ಇರತ್ತೇನ್ರೀ? ನಲವತ್ತಕ್ಕೆ ಒಂದು ಎಕರೆ ಆಗೋಗತ್ತೆ. ಇಷ್ಟು ದಿನ ತಪ್ಪು ಟೈಪ್ ಮಾಡ್ಕೊಂಡು ಕೂತಿದೀರ. ಈಗ ಅದು ಸರಿಯಾಗಿದೆ, ಅಷ್ಟೇ."

ಅವರು ಮೆತ್ತಗೆ, "ನೀವ್ ಒಂದ್ಸಲ ಬಂದು ನೋಡ್ಬಿಡಿ ಮೇಡಂ. ಫೋನಲ್ಲಿ ಹೇಳೋ ಮಾತಲ್ಲ ಇದು" ಎಂದರು.

ಶುಕ್ರವಾರ ಬೆಳಿಗ್ಗೆ ಜಾವಗಲ್ ಮಾರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಲ್ಲೇಶಪ್ಪನವರಿಗೆ ಮಾಡಬೇಕಾದ ಪಾಠವನ್ನೇ ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಶಾಖೆಯ ಬಾಗಿಲಲ್ಲಿ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಹಳೆಯ ಬಿತ್ತನೆ ಚೀಟಿಯೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಕಂಪೂಟ್ರು ಮಾಡೋ ಮೇಡಮ್ಮೋರು ನೀವೇಯಾ?"

ಹೌದೆಂದೆ.

"ನಾನು ಗಂಗಮ್ಮ ಅಂತ. ನೆಲ ಉತ್ತು, ಗೊಬ್ರ ಚೆಲ್ಲಿ, ಸಾಲು ಹೊಡ್ಕೊಂಡು ಕುಂತಿವ್ನಿ ಕಣವ್ವಾ. ಒಡೇರ ಬಾಮೈದ ನೆನ್ನೆ ಬಂದು ಪಟ್ಟಿ ನೋಡಿ, ಈ ಸಲ ಚೀಟಿ ನಮ್ದು ಅಂದ್ಬುಟ್ಟ. ಬಿತ್ನೆ ಸಿಗ್ನಿಲ್ಲ ಅಂದ್ರೆ ನೆಲ ಬೀಳು ಬೀಳ್ತೈತೆ. ಒಂದು ವರ್ಸ ಬೀಳು ಬಿಟ್ರೆ ಒಡೇರು ಬ್ಯಾರೇರ್ಗೆ ಕೊಟ್ಬುಡ್ತಾರೆ. ಹನ್ನೊಂದು ವರ್ಸದಿಂದ ಮಾಡ್ತಿರೋ ಜಮೀನು."

ಇದಕ್ಕೂ ನನ್ನ ಲೈಬ್ರರಿಗೂ ಏನು ಸಂಬಂಧ? ಮಲ್ಲೇಶಪ್ಪನವರು ಒಳಗೆ ಕೂರಿಸಿ, ಕಾಫಿ ತರಿಸಿ, ನಿಧಾನವಾಗಿ ಹೇಳಿದರು. ಗಂಗಮ್ಮ ವಾರಕ್ಕೆ ಮಾಡುವವರು, ಅಂದರೆ ಬೇರೆಯವರ ಜಮೀನನ್ನು ಉತ್ತು ಬೆಳೆದು ಬೆಳೆಯಲ್ಲಿ ಅರ್ಧ ಕೊಡುವವರು. ಆ ಊರ ಸುತ್ತ ಅಂಥವರು ನಲವತ್ತಮೂರು ಮನೆ. ಸದಸ್ಯತ್ವ ಜಮೀನಿನ ಒಡೆಯರ ಹೆಸರಿನಲ್ಲಿ. ಬಿತ್ತನೆ ಮಾತ್ರ ಉಳುವವರ ಕೈಗೇ ಹೋಗಬೇಕು ಎಂದು ಒಡೆಯರೂ ಸೇರಿ ಎಂದೋ ಬಾಯಿಮಾತಿನಲ್ಲಿ ಒಪ್ಪಿದ್ದರು. ಆದರೆ ವಾರ ಎಂಬ ಪದವನ್ನು ಕಾಗದದ ಮೇಲೆ ಬರೆಯುವ ಹಾಗಿಲ್ಲ. ಜಮೀನನ್ನು ಗೇಣಿಗೆ ಕೊಡುವುದನ್ನೇ ಕಾನೂನು ಒಪ್ಪುವುದಿಲ್ಲ. ಬರೆದರೆ ಒಡೆಯರು ಹೆದರಿ ಜಮೀನು ಬಿಡಿಸಿಕೊಳ್ಳುತ್ತಾರೆ.

"ಅದ್ಕೇ ಒಂದು ಉಪಾಯ ಮಾಡ್ದೆ" ಎಂದರು ಮಲ್ಲೇಶಪ್ಪ. "ಗುಂಟೆ ಮೂವತ್ತೊಂಬತ್ತು ದಾಟಕ್ಕಿಲ್ಲ, ಅಲ್ವಾ? ವಾರದ ಜಮೀನಿದ್ರೆ ಗುಂಟೆಗೆ ಐವತ್ತು ಸೇರಿಸಿ ಹಾಕಿದೀನಿ. ಗಂಗಮ್ಮನ್ದು ಒಂದೆಕ್ರೆ ಇಪ್ಪತ್ತು. ನಾನು 1.70 ಅಂತ ಹಾಕ್ದೆ. ನಿಮ್ಮ ಕಂಪ್ಯೂಟ್ರೂ ಗಲಾಟೆ ಮಾಡ್ನಿಲ್ಲ, ಒಡೇರೂ ಮಾಡ್ನಿಲ್ಲ. ಪಟ್ಟಿಲಿ ಎಪ್ಪತ್ತು ಕಂಡ್ರೆ ಚೀಟಿ ಉಳೋರಿಗೆ. ಊರಿಗೆಲ್ಲಾ ಗೊತ್ತು, ಐವತ್ರ ಜಮೀನು ಅಂತ್ಲೇ ಕರೀತಾರೆ. ಮೂಟೆ ಲೆಕ್ಕ ನಾನೇ ಕೈಯಲ್ಲಿ ಮಾಡ್ಕೋತಿದ್ದೆ."

ಆ ಮನುಷ್ಯ ನನ್ನ ತಪ್ಪಿನೊಳಗೆ ಒಂದು ಕಿಂಡಿ ಕಂಡುಕೊಂಡು, ಅದರಲ್ಲಿ ನಲವತ್ತಮೂರು ಮನೆಯನ್ನು ಬದುಕಿಸಿದ್ದರು. ನಾನು ಜಾಣತನ ತೋರಿಸಲು ಹೋಗಿ ಆ ಕಿಂಡಿ ಮುಚ್ಚಿದ್ದೆ. ನನ್ನ ಹೊಸ ಲೈಬ್ರರಿ 1.70 ಅನ್ನು ಕಂಡೊಡನೆ ನಲವತ್ತು ಗುಂಟೆಯನ್ನು ಎಕರೆಗೆ ಏರಿಸಿ 2.30 ಮಾಡಿತ್ತು. ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಈಗ ಗಂಗಮ್ಮನ ಜಮೀನು ಒಡೆಯರೇ ಉಳುವ ಎರಡು ಎಕರೆ ಮೂವತ್ತು ಗುಂಟೆ!

"ಇದನ್ನ ನನಗೆ ಮೊದಲೇ ಯಾಕೆ ಹೇಳ್ಲಿಲ್ಲ ಮಲ್ಲೇಶಪ್ಪನೋರೆ?"

"ಕೇಳಿದ್ರೆ ತಾನೆ ಮೇಡಂ ಹೇಳೋದು?"

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಪಾಠ ಅಲ್ಲಿಗೇ ಮುಗಿಯಿತು.

ಹಂಚಿಕೆ ಸೋಮವಾರ. ಕೈಯಲ್ಲಿ ತಿದ್ದಿದ ಪಟ್ಟಿಯಿಂದ ಹಿಂದೆ ಜಗಳಗಳಾಗಿದ್ದರಿಂದ, ಆ ವರ್ಷ ಕಂಪ್ಯೂಟರಿನಲ್ಲಿ ಅಚ್ಚಾದ ಪಟ್ಟಿಗೆ ಮಾತ್ರ ಬೆಲೆ ಎಂದು ಸಂಘ ತೀರ್ಮಾನಿಸಿತ್ತು. ಆ ತೀರ್ಮಾನಕ್ಕೆ ಒತ್ತಾಯ ಮಾಡಿದವರಲ್ಲಿ ನಾನೂ ಒಬ್ಬಳು. ಸಂಘದ ಫೋನಿನಿಂದಲೇ ಚಂದ್ರಶೇಖರ್ ಅವರಿಗೆ ಫೋನ್ ಮಾಡಿ ಎರಡು ದಿನ ಮುಂದೂಡಲು ಕೇಳಿದೆ.

"ಲಾರಿ ಬರ್ತಾ ಇವೆ ಮೇಡಂ. ಗಡ್ಡೆ ಮೂಟೆಲೇ ಕೊಳೆಯಕ್ಕೆ ಶುರುವಾಗತ್ತೆ. ಮುಂದೂಡಕ್ಕಾಗಲ್ಲ. ಹಳೇ ಲೈಬ್ರರಿಗೆ ವಾಪಸ್ ಹೋಗೋಣ ಅಂತ ಮಾತ್ರ ಹೇಳ್ಬೇಡಿ. ನನ್ನ ಟೋಟಲ್ಲು ಮತ್ತೆ ಕೆಡತ್ತೆ."

ಅವರ ಮಾತಿನಲ್ಲೂ ನ್ಯಾಯವಿತ್ತು. ಹಳೇಬೀಡಿಗೆ ಮಾತ್ರ ಹಳೆಯದನ್ನು ಹಾಕಿಬಿಡೋಣ ಎಂದರೆ ಅದೂ ಆಗದು. ಪ್ರತಿ ಶನಿವಾರ ಶಾಖೆಗಳ ಫ್ಲಾಪಿಗಳು ಅರಸೀಕೆರೆಗೆ ಬಂದು ಅಲ್ಲಿ ಒಂದಾಗುತ್ತಿದ್ದವು. ಹಾಗೆ ಒಂದು ಮಾಡುವ ಪ್ರೋಗ್ರಾಮಿಗೂ ಇದೇ ಲೈಬ್ರರಿ. ಹಳೇಬೀಡಿನಲ್ಲಿ ಉಳಿಸಿಕೊಂಡ ಎಪ್ಪತ್ತನ್ನು ಅರಸೀಕೆರೆಯಲ್ಲಿ ಅದು ಮತ್ತೆ ಅಳಿಸಿಹಾಕುತ್ತಿತ್ತು. ಚಂದ್ರಶೇಖರ್, ಮಲ್ಲೇಶಪ್ಪ ಇಬ್ಬರೂ ಒಂದೇ ಲೈಬ್ರರಿಯಲ್ಲಿ ಬದುಕಬೇಕಿತ್ತು.

ಆಗ ನನಗೆ ಒಂದು ಲೆಕ್ಕ ಹೊಳೆಯಿತು. "ಚಂದ್ರಶೇಖರ್, ಹಳೇಬೀಡಲ್ಲಿ ವಾರಕ್ಕೆ ಕೊಟ್ಟ ಪ್ರತಿ ಜಮೀನಿಗೂ ಐವತ್ತು ಗುಂಟೆ ಸುಳ್ಳು ಸೇರಿದೆ. ಅಂದ್ರೆ ಒಂದೊಂದಕ್ಕೂ ಹನ್ನೆರಡೂವರೆ ಮೂಟೆ. ನಲವತ್ತಮೂರು ಜಮೀನು. ನಿಮ್ಮ ಬೇಲೂರಿಗೆ ಬರಬೇಕಾದ ಐನೂರಕ್ಕೂ ಹೆಚ್ಚು ಮೂಟೆ ಸೋಮವಾರ ಹಳೇಬೀಡಲ್ಲಿ ಇಳಿಯತ್ತೆ. ಒಪ್ಪಿಗೆನಾ?"

"ಅಯ್ಯಯ್ಯೋ!" ಎಂದರು. "ಭಾನುವಾರ ಮಧ್ಯಾಹ್ನದೊಳಗೆ ಸರಿಯಾದ ಪಟ್ಟಿ ಕೊಡ್ತೀರಾ?" ಎಂದರು.

"ಕೊಡ್ತೀನಿ" ಎಂದೆ. ಹೇಗೆ ಅನ್ನುವುದು ನನಗಿನ್ನೂ ಗೊತ್ತಿರಲಿಲ್ಲ.

ತೊಂದರೆ ಇದ್ದದ್ದು ಇಲ್ಲಿ. ಫೈಲಿನಲ್ಲಿ ಈಗ 2.30 ಇದ್ದರೆ ಅದು ಮೊದಲು 1.70 ಆಗಿತ್ತೋ, ನಿಜವಾಗಿಯೂ 2.30 ಆಗಿತ್ತೋ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ. ಹೊಸದನ್ನು ಹಾಕುವ ಮೊದಲು ಹಳೆಯ ಫೈಲಿನ ಪ್ರತಿ ತೆಗೆದಿಡಿ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಉಳಿದದ್ದು ಹಿಂದಿನ ಶನಿವಾರ ಹಳೇಬೀಡಿನಿಂದ ಬಂದಿದ್ದ ಫ್ಲಾಪಿಯೊಂದೇ. ಅದು ನನ್ನ ಮೇಜಿನ ಖಾನೆಯಲ್ಲಿತ್ತು. ಆ ಶನಿವಾರದ ನಂತರ ಸೇರಿಸಿದ್ದು ಹನ್ನೊಂದು ಹೆಸರು ಮಾತ್ರ, ಅವನ್ನು ತಮ್ಮ ಪುಸ್ತಕದಿಂದ ಬರೆದುಕೊಡುತ್ತೇನೆ ಎಂದರು ಮಲ್ಲೇಶಪ್ಪ. ಸದ್ಯ, ಬದುಕಿದೆ ಅನ್ನಿಸಿತು.

ಎದ್ದು ಹೊರಡುವವಳು ಬಾಗಿಲ ಹತ್ತಿರ ನಿಂತೆ. ಒಂದು ಸಲ ಪೆಟ್ಟು ತಿಂದವಳು. "ಮಲ್ಲೇಶಪ್ಪನೋರೆ, ಇಂಥ ಉಪಾಯ ಇನ್ನೇನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ."

ಅವರು ತಲೆ ಕೆರೆದುಕೊಂಡು ನಕ್ಕರು. "ಸೊನ್ನೆ ಹಾಕಿರೋದು ಒಂದೈತೆ. ಅಪ್ಪ ಸತ್ತು, ಮಕ್ಕಳ ಹೆಸ್ರಿಗೆ ಖಾತೆ ಆಗ್ದೇ ಇದ್ರೆ 0.00 ಹಾಕಿಡ್ತೀನಿ. ಖಾತೆ ಆದ್ಮೇಲೆ ತುಂಬ್ತೀನಿ. ಈಗ ಆರು ಜನ ಅವ್ರೆ."

ಖಾಲಿ ಸಾಲುಗಳನ್ನು ಲೈಬ್ರರಿ ತೆಗೆದುಹಾಕುತ್ತದೆ ಎಂದೆನಲ್ಲ, ಸೊನ್ನೆಯೂ ಅದಕ್ಕೆ ಖಾಲಿಯೇ, ಆ ಆರು ಜನ ಪಟ್ಟಿಯಿಂದಲೇ ಹೋಗಿದ್ದರು. ಇನ್ನೂರ ಹತ್ತಿರಬೇಕಾದ ಕಡೆ ಇನ್ನೂರ ನಾಲ್ಕು. ನಾನಾಗಿ ಎಣಿಸಿ ಕೂಡ ನೋಡಿರಲಿಲ್ಲ.

ಅರಸೀಕೆರೆಯಲ್ಲಿ ಆಗ ಬೆಳಿಗ್ಗೆ ಆರರಿಂದ ಹತ್ತರವರೆಗೆ ಕರೆಂಟು ಕೈಕೊಡುತ್ತಿರಲಿಲ್ಲ. ಶನಿವಾರದ ಆ ನಾಲ್ಕು ಗಂಟೆಯಲ್ಲಿ ನಾನು ಬರೆದದ್ದು ಮೂವತ್ತು ಸಾಲಿಗಿಂತ ಹೆಚ್ಚಿರಲಿಲ್ಲ. ಆದರೆ ಆ ಮೂವತ್ತು ಸಾಲಿನ ಹಿಂದಿನ ಯೋಚನೆ ಪೂರ್ತಿ ಬೇರೆ. ಮೊದಲು ಹಳೆಯ ವಿಸ್ತೀರ್ಣದ ಕೆಲಸವನ್ನು ಹಳೆಯ ಹೆಸರಿನಲ್ಲೇ, ಅದರ ತಪ್ಪೂ ಸೇರಿದಂತೆ, ಇದ್ದದ್ದು ಇದ್ದ ಹಾಗೆ ವಾಪಸ್ ಇಟ್ಟೆ. ಹಳೇಬೀಡಿನ ಪ್ರೋಗ್ರಾಂ ಅದೇ ಹೆಸರು ಕರೆಯುತ್ತದೆ, ಅದೇ ಉತ್ತರ ಸಿಗುತ್ತದೆ. ಎಪ್ಪತ್ತು ಎಪ್ಪತ್ತಾಗಿಯೇ ಇರುತ್ತದೆ, ಸೊನ್ನೆ ಸೊನ್ನೆಯಾಗಿಯೇ ಇರುತ್ತದೆ. ಒಂದುಗೂಡಿಸುವ ಪ್ರೋಗ್ರಾಂ ಕೂಡ ಇನ್ನು ಯಾರ ಅಂಕಿಯನ್ನೂ ತಿದ್ದುವುದಿಲ್ಲ. ಸರಿಯಾದ ಕೂಡುವಿಕೆಗೆ ಹೊಸ ಹೆಸರು ಕೊಟ್ಟು ಪಕ್ಕದಲ್ಲಿ ನಿಲ್ಲಿಸಿ, ಪಟ್ಟಿಯ ಕೊನೆಯ ಒಟ್ಟು ಮೊತ್ತಕ್ಕೆ ಮಾತ್ರ ಅದನ್ನು ಕರೆಯುವ ಹಾಗೆ ಮಾಡಿದೆ. ಅದು ಫೈಲನ್ನು ಮುಟ್ಟದೆ ಓದಿ ಲೆಕ್ಕ ಮಾತ್ರ ಹೇಳುತ್ತದೆ, ಗುಂಟೆ ಐವತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊದಲು ಐವತ್ತು ಕಳೆದು ಆಮೇಲೆ ಕೂಡುತ್ತದೆ. ಬೇಕಾದವರು ಹೊಸದನ್ನು ಕರೆಯಲಿ, ಹಳೆಯದನ್ನು ನಂಬಿಕೊಂಡವರ ಕೂದಲೂ ಕೊಂಕದಿರಲಿ. ವಾರದ ಹಿಂದೆ ಇಷ್ಟು ಮಾಡಿದ್ದರೆ ಸಾಕಿತ್ತು!

ಅಷ್ಟಕ್ಕೇ ಬಿಡಲಿಲ್ಲ. ಬೇಲೂರಿನ ಗುಮಾಸ್ತರಿಗೂ ಅರಸೀಕೆರೆಯವರಿಗೂ ಫೋನ್ ಮಾಡಿ ನಿಮ್ಮಲ್ಲಿ ಇಂಥ ಗುರುತುಗಳು ಏನಿವೆ ಎಂದು ವಿಚಾರಿಸಿದೆ. ಅವರ ಕಡೆ ಏನೂ ಇರಲಿಲ್ಲ. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹಳೇಬೀಡಿಗೆ ಹೋದೆ. ಈ ಸಲ ಫ್ಲಾಪಿಯನ್ನು ಕಂಡಕ್ಟರರ ಕೈಗೆ ಕೊಡಲಿಲ್ಲ, ನನ್ನ ಚೀಲದಲ್ಲೇ ಇಟ್ಟುಕೊಂಡೆ. ಖಾನೆಯಲ್ಲಿದ್ದ ಫ್ಲಾಪಿಯ ದತ್ತಾಂಶಕ್ಕೆ ಆ ಹನ್ನೊಂದು ಹೆಸರು ಸೇರಿಸಿ, ಅದನ್ನೇ ಹಳೆಯ ಲೈಬ್ರರಿಯಲ್ಲೊಮ್ಮೆ, ಹೊಸದರಲ್ಲೊಮ್ಮೆ ಅಚ್ಚು ಹಾಕಿ, ಎರಡು ಪಟ್ಟಿಯನ್ನೂ ಮೇಜಿನ ಮೇಲೆ ಹರಡಿದೆವು. ಮಲ್ಲೇಶಪ್ಪ ಒಂದನ್ನು ಓದುತ್ತಾ ಹೋದರು, ನಾನು ಇನ್ನೊಂದರಲ್ಲಿ ಗೆರೆ ಎಳೆಯುತ್ತಾ ಹೋದೆ. ಇನ್ನೂರ ಹತ್ತು ಸಾಲೂ ಅಕ್ಷರಕ್ಕೆ ಅಕ್ಷರ ಒಂದೇ. ಕೊನೆಯ ಒಟ್ಟು ಮೊತ್ತ ಮಾತ್ರ ಬೇರೆ. ಮಲ್ಲೇಶಪ್ಪನವರು ತಾವು ಕೈಯಲ್ಲಿ ಮಾಡಿಟ್ಟಿದ್ದ ಲೆಕ್ಕದ ಹಾಳೆ ತೆಗೆದು ಹೊಸ ಮೊತ್ತದ ಪಕ್ಕ ಇಟ್ಟರು. ಎರಡೂ ಒಂದೇ!

"ಬಂತಲ್ರೀ!" ಎಂದು ಮೇಜು ಕುಟ್ಟಿದರು ಆ ಮನುಷ್ಯ. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನಗಂತೂ ಕುಣಿದುಬಿಡೋಣ ಅನ್ನಿಸಿತು. ಬಾಗಿಲಿನ ಹಳೆಯ ಪಟ್ಟಿಯನ್ನು ನಾನೇ ಕಿತ್ತು ಹೊಸದನ್ನು ಅಂಟಿಸಿದೆ. ಮಧ್ಯಾಹ್ನ ಹನ್ನೆರಡೂವರೆಗೆ ಚಂದ್ರಶೇಖರ್ ಅವರಿಗೆ ಮೊತ್ತ ಹೇಳಿದೆ.

ಸೋಮವಾರ ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋದೆ, ನೋಡದೆ ಇರಲಾಗಲಿಲ್ಲ. ಲಾರಿಗಳು ಸಾಲಾಗಿ ನಿಂತಿದ್ದವು. ಕಿಟಕಿಯ ಮುಂದೆ ಗಂಗಮ್ಮನ ಸರದಿ ಬರುವ ಹೊತ್ತಿಗೆ ಒಡೆಯರ ಭಾವಮೈದ, ಬಿಳಿ ಷರಟಿನ ಗಟ್ಟಿ ಆಳು, ಮುಂದೆ ನುಗ್ಗಿ ಕೈ ಚಾಚಿದರು.

"ಚೀಟಿ ಇತ್ಲಾಗ್ ಕೊಡ್ರೀ. ಮೊನ್ನೆ ಪಟ್ಟಿಲಿ ಎರಡೆಕ್ರೆ ಮೂವತ್ತು ಅಂತ ನಾನೇ ನೋಡಿವ್ನಿ."

"ಅದು ಮಿಷಿನ್ ತಪ್ಪು ಸ್ವಾಮಿ" ಎಂದು ಮಲ್ಲೇಶಪ್ಪ ಪಟ್ಟಿ ತಿರುಗಿಸಿ ತೋರಿಸಿದರು. "ಈಗಿಂದು ನೋಡಿ. ಒಂದು ಎಪ್ಪತ್ತು."

ಸಾಲಿನಲ್ಲಿ ಯಾರೋ, "ಐವತ್ರ ಜಮೀನು ಕಣ್ಲಾ, ಜಾಗ ಬಿಡು" ಎಂದರು. ಹಿಂದಿನಿಂದ ನಾಲ್ಕಾರು ಜನ ನಕ್ಕರು. ಎಪ್ಪತ್ತರ ಅರ್ಥವೇನೆಂದು ಆ ಭಾವಮೈದನವರಿಗೂ ಗೊತ್ತಿತ್ತು. ಬಾಯಿಬಿಟ್ಟು ವಾದಿಸಲು ಹೋದರೆ ವಾರ ಎಂಬ ಪದವನ್ನು ತಾವೇ ಎಲ್ಲರೆದುರು ಆಡಬೇಕಾಗುತ್ತಿತ್ತು. ಆಡಲಿಲ್ಲ, ಪಕ್ಕಕ್ಕೆ ಸರಿದರು. ಗಂಗಮ್ಮ ಚೀಟಿ ಹಿಡಿದು ಲಾರಿಯ ಹತ್ತಿರ ನಿಂತು ಹದಿನೈದು ಮೂಟೆಯನ್ನೂ ತಾವೇ ಒಂದೊಂದಾಗಿ ಎಣಿಸಿ ಗಾಡಿಗೆ ಹಾಕಿಸಿದರು. ಹೋಗುವಾಗ ನನ್ನ ಕೈ ಹಿಡಿದು, "ತಣ್ಣಗಿರವ್ವಾ" ಎಂದರು. ನನ್ನ ಕಣ್ಣು ತುಂಬಿತು. ಹಾಳು ಮಾಡಿದವಳೂ ನಾನೇ ಎಂದು ಹೇಳಬೇಕೆನಿಸಿತು. ಅವರ ಗಾಡಿ ಆಗಲೇ ಹೊರಟಿತ್ತು.

ಮೂರು ಶಾಖೆಯ ಹಂಚಿಕೆ ಮುಗಿದಾಗ ಬೇಲೂರಿನಲ್ಲಿ ಎರಡು ಮೂಟೆ ಉಳಿದಿದ್ದವು. ಉಳಿದೆರಡು ಕಡೆ ಒಂದೂ ಉಳಿಯಲಿಲ್ಲ, ಸಾಲದೆಯೂ ಬರಲಿಲ್ಲ. ಆ ಸಂಘದಲ್ಲಿ ಹಿಂದೆ ಎಂದೂ ಹಾಗಾಗಿರಲಿಲ್ಲ. ಚಂದ್ರಶೇಖರ್ ಅದನ್ನು ಫೋನಿನಲ್ಲಿ ಹೇಳಿದ ಮೇಲೂ ಇನ್ನೆರಡು ಸಲ ಹೇಳಿಸಿ ಕೇಳಿದೆ.

ಆಮೇಲೆ ನಾನು ಎಷ್ಟೋ ಕಡೆ ಕೆಲಸ ಮಾಡಿದೆ, ಎಷ್ಟೋ ಲೈಬ್ರರಿಗಳನ್ನು ಬದಲಾಯಿಸಿದೆ. ಪ್ರತಿ ಸಲವೂ ಕೈ ಹಚ್ಚುವ ಮೊದಲು ಅದನ್ನು ದಿನಾ ಬಳಸುವವರ ಪಕ್ಕದಲ್ಲಿ ಹೋಗಿ ಒಂದು ದಿನ ಕೂರುತ್ತಿದ್ದೆ. ನಾನು ಬರೆದದ್ದು ಏನು ಮಾಡಬೇಕು ಎಂಬುದು ನನಗೆ ಗೊತ್ತಿರುತ್ತದೆ. ಅದರಿಂದ ಜನ ಏನು ಮಾಡಿಕೊಳ್ಳುತ್ತಿದ್ದಾರೆ ಎಂಬುದನ್ನು ಅವರನ್ನೇ ಕೇಳಬೇಕು. ಕೇಳದಿದ್ದರೆ ಅವರು ಹೇಳುವುದಿಲ್ಲ. ಅದು ಅವರ ತಪ್ಪಲ್ಲ.

ಆ ಲೈಬ್ರರಿ ಇನ್ನೂ ಏಳು ವರ್ಷ ನಡೆಯಿತು. ನನ್ನ ನಂತರ ಅದನ್ನು ನೋಡಿಕೊಳ್ಳಲು ಇಬ್ಬರು ಬಂದರು. ಇಬ್ಬರೂ ನನಗಿಂತ ಜಾಣರು, ಆ ತಪ್ಪು ಇಬ್ಬರ ಕಣ್ಣಿಗೂ ಬಿದ್ದಿರಲೇಬೇಕು. ಆದರೂ ಕೊನೆಯವರೆಗೆ ಯಾರೂ ಅದನ್ನು ಮುಟ್ಟಲಿಲ್ಲ. ಏಕೆಂದರೆ ಅದರ ನೆತ್ತಿಯ ಮೇಲೆ, ಕಂಪ್ಯೂಟರು ಓದದ, ಮನುಷ್ಯರು ಮಾತ್ರ ಓದುವ ಟಿಪ್ಪಣಿಯಲ್ಲಿ ನಾನು ಹೀಗೆ ಬರೆದಿಟ್ಟಿದ್ದೆ: "ಇದು ತಪ್ಪು ಎಂದು ನನಗೂ ಗೊತ್ತು. ತಿದ್ದಬೇಡಿ. ಹಳೇಬೀಡಿನಲ್ಲಿ ನಲವತ್ತಮೂರು ಮನೆಯವರು ಇದರಿಂದ ಉಣ್ಣುತ್ತಿದ್ದಾರೆ."